ಸ್ಟಡ್ ಆರಿಸುವ ಮೊದಲು ತೂತನ್ನು ನೋಡಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಅಸೆಂಬ್ಲಿ ಶಾಪಿಗೆ ಮಳೆಗಾಲ ಹಿಡಿದ ಮೇಲೆ ಹೊಸ ಹುಡುಗರು ಬರುತ್ತಾರೆ. ಇಂಡಿ, ಜಮಖಂಡಿ, ಗೋಕಾಕ, ಬಸವಕಲ್ಯಾಣದ ಕಡೆಯವರೇ ಹೆಚ್ಚು. ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿರುತ್ತಾರೆ, ಪಾನಾ ಹಿಡಿಯುವ ಕೈ ಚುರುಕಾಗಿರುತ್ತದೆ. ಸ್ಟೋರಿನ ಕಿಟಕಿಯ ಮುಂದೆ ನಿಂತು ಎಲ್ಲರೂ ಕೇಳುವುದು ಒಂದೇ ಮಾತು: "ಹನ್ನೆರಡರ ಸ್ಟಡ್ ಕೊಡ್ರಿ, ಇದ್ದುದ್ರಾಗ ಗಟ್ಟೀದು ಕೊಡ್ರಿ." ಸ್ಟಡ್ ಎಂದರೆ ತಲೆಯಿಲ್ಲದ ಬೋಲ್ಟ್, ಸುರುಳಿ ಎಳೆ ಅಂದರೆ ಥ್ರೆಡ್ ಇರುವ ಸರಳು. ಸ್ಟೋರಿನವರು ಐದಾರು ಡಬ್ಬಿ ಮುಂದಿಡುತ್ತಾರೆ. ಎಲ್ಲವೂ ಹನ್ನೆರಡು ಮಿಲಿಮೀಟರಿನವೇ. ಒಂದಕ್ಕೆ ಮೈತುಂಬ ಥ್ರೆಡ್, ಇನ್ನೊಂದಕ್ಕೆ ಎರಡು ತುದಿಗೆ ಮಾತ್ರ, ಮತ್ತೊಂದರ ನಡು ಸಣ್ಣಗೆ, ಒಂದು ಕಪ್ಪು, ಒಂದು ಬೆಳ್ಳಗೆ ಹೊಳೆಯುವುದು. ಹುಡುಗ ಕಂಗಾಲಾಗುತ್ತಾನೆ.

ಈ ಬರಹ ಆ ಹುಡುಗರಿಗಾಗಿ, ಮತ್ತು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡು ತಾವೇ ಮಾಲು ತರುವ ನಮ್ಮ ಕಡೆಯ ಮಾಲೀಕರಿಗಾಗಿ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಖಾತ್ರಿಯಾದ ಮಾತು ಇದು: ಮೊದಲು ಸ್ಟಡ್ ಕೂರುವ ತೂತನ್ನು ನೋಡಬೇಕು. ತೂತು ಯಾವ ಲೋಹದ್ದು, ಎಷ್ಟು ಆಳದ್ದು, ವರ್ಷಕ್ಕೆ ಎಷ್ಟು ಸಲ ಆ ಮುಚ್ಚಳ ತೆಗೆಯಬೇಕು, ಎಷ್ಟು ಬಿಸಿಯಾಗುತ್ತದೆ, ಯಾವ ನೀರು ಯಾವ ಗಾಳಿ ತಾಗುತ್ತದೆ, ಇಷ್ಟಕ್ಕೂ ಉತ್ತರ ಸಿಕ್ಕ ಮೇಲೆ 8.8 ಬೇಕೋ 10.9 ಬೇಕೋ ಎಂಬ ಗಟ್ಟಿತನದ ಪ್ರಶ್ನೆ.

ಬೋಲ್ಟ್ ಸಾಕೋ, ಸ್ಟಡ್ಡೇ ಬೇಕೋ

ನನ್ನ ಮೊದಲ ವರ್ಷದ ಒಂದು ತಪ್ಪು ಇಲ್ಲಿ ಹೇಳಲೇಬೇಕು. ಕೂಲಂಟ್ ಪಂಪೊಂದರ ಬೀಡಿನ (ಕಾಸ್ಟ್ ಐರನ್) ಕೇಸಿಂಗಿಗೆ ಮುಚ್ಚಳ ಕೂರಿಸುವ ಕೆಲಸ. ಡ್ರಾಯಿಂಗಿನಲ್ಲಿ ಸ್ಟಡ್ ಇತ್ತು, ಸ್ಟೋರಿನಲ್ಲಿ ಸ್ಟಡ್ ಇರಲಿಲ್ಲ. ಅದೇ ಅಳತೆಯ ಬೋಲ್ಟ್ ಹಾಕಿ ಬಿಗಿದೆ. ಒಳಗೆ ಕಸ ಕಟ್ಟುತ್ತಿದ್ದ ಪಂಪು ಅದು, ಪ್ರತಿ ವಾರ ಬಿಚ್ಚಿ ತೊಳೆಯಬೇಕಾಗುತ್ತಿತ್ತು. ಕೆಲವು ತಿಂಗಳಾದ ಮೇಲೆ ಒಂದು ದಿನ ಬೋಲ್ಟ್ ಬಿಗಿಯುತ್ತಲೇ ಇದೆ, ಬಿಗಿ ಮಾತ್ರ ಬರುತ್ತಿಲ್ಲ. ಪಕ್ಕದಲ್ಲಿದ್ದ ಹಿರಿಯ ಮರಾಠಿ ಫಿಟ್ಟರ್ ನೋಡಿ, "ಆಟೆ ಗೇಲೇ" ಎಂದರು. ಇಲ್ಲಿ ಥ್ರೆಡ್ಡಿಗೆ ಆಟೆ ಎನ್ನುತ್ತಾರೆ, ಗೇಲೇ ಎಂದರೆ ಹೋದವು. ಬೀಡಿನ ಎಳೆಗಳು ಪುಡಿಯಾಗಿ ಬೋಲ್ಟಿನ ಜೊತೆ ಹೊರಗೆ ಬಂದಿದ್ದವು. ಬೋಲ್ಟಿಗೆ ಏನೂ ಆಗಿರಲಿಲ್ಲ. ತೂತನ್ನು ದೊಡ್ಡದು ಮಾಡಿ, ಹೊಸ ಎಳೆ ಕೊಡುವ ಹೆಲಿಕಾಯಿಲ್ ಎಂಬ ತಂತಿ ಸುರುಳಿ ಕೂರಿಸಿ, ಕೇಸಿಂಗ್ ಉಳಿಸಿಕೊಳ್ಳುವಷ್ಟರಲ್ಲಿ ಎರಡು ಶಿಫ್ಟ್ ಹೋಯಿತು.

ಸ್ಟಡ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಸ್ಟಡ್ ಒಮ್ಮೆ ಎರಕದೊಳಗೆ ಕೂತರೆ ಅಲ್ಲೇ ಇರುತ್ತದೆ. ಬಿಚ್ಚುವಾಗ ಕಟ್ಟುವಾಗ ಸವೆಯುವುದು ಹೊರಗಿನ ತುದಿ ಮತ್ತು ನಟ್. ಎರಡೂ ಕೆಲವು ರೂಪಾಯಿಗೆ ಸಿಗುವ ಮಾಲು. ಸಾವಿರಾರು ರೂಪಾಯಿಯ ಎರಕದ ತೂತು ಸುರಕ್ಷಿತ. ಬೀಡು, ಅಲ್ಯೂಮಿನಿಯಂನಂಥ ಮೆದು ಅಥವಾ ಪುಡಿಯಾಗುವ ಲೋಹದಲ್ಲಿ ಮೇಲಿಂದ ಮೇಲೆ ಬಿಚ್ಚುವ ಜಾಗವಿದ್ದರೆ ಎರಡನೇ ಯೋಚನೆ ಬೇಡ, ಸ್ಟಡ್ ಹಾಕಿ.

ಸ್ಟಡ್ಡಿಗೆ ಇನ್ನೂ ಎರಡು ಅನುಕೂಲಗಳಿವೆ. ಭಾರದ ಮುಚ್ಚಳವನ್ನು ಕ್ರೇನಿನಲ್ಲಿ ತೂಗುಹಾಕಿ ಬೋಲ್ಟ್ ತೂತು ಹುಡುಕುವ ಗೋಳು ಇರುವುದಿಲ್ಲ. ನಾಲ್ಕು ಸ್ಟಡ್ ನಿಂತಿದ್ದರೆ ಮುಚ್ಚಳ ತಾನಾಗಿ ದಾರಿ ಹಿಡಿಯುತ್ತದೆ, ಗ್ಯಾಸ್ಕೆಟ್ ಜಾರುವುದಿಲ್ಲ. ಇನ್ನೊಂದು ಮಾತು ಕಣ್ಣಿಗೆ ಕಾಣದ್ದು. ಬೋಲ್ಟ್ ಬಿಗಿಯುವಾಗ ಎರಕದ ಥ್ರೆಡ್ ಮೇಲೆ ಎಳೆತವೂ ತಿರುಚೂ ಒಟ್ಟಿಗೆ ಬೀಳುತ್ತವೆ. ಸ್ಟಡ್ಡಿನಲ್ಲಿ ನಟ್ ತಿರುಗುವುದು ಉಕ್ಕಿನ ಮೇಲೆ. ಎರಕದ ಎಳೆಗಳು ಅಲುಗದೆ ಎಳೆತವನ್ನಷ್ಟೇ ಹೊರುತ್ತವೆ. ಡೀಸೆಲ್ ಎಂಜಿನ್ನಿನ ಹೆಡ್ಡಿಗೆ ಹಲವು ಕಡೆ ಸ್ಟಡ್ ಕಾಣುವುದು ಈ ಕಾರಣಕ್ಕೇ.

ಉಕ್ಕಿನ ಎರಡು ಪ್ಲೇಟುಗಳ ನಡುವೆ ಆಚೀಚೆ ಕೈ ಹೋಗುವಂತಿದ್ದು, ಒಮ್ಮೆ ಕಟ್ಟಿದರೆ ಐದು ವರ್ಷ ಮುಟ್ಟುವುದಿಲ್ಲ ಎಂದಿದ್ದರೆ ಬೋಲ್ಟ್ ಸಾಕು. ಅಲ್ಲಿ ಸ್ಟಡ್ ಹಾಕುವುದು ದುಡ್ಡು ಹೆಚ್ಚಾದವರ ಕೆಲಸ.

ಬೀಡು ಎಂಬ ಮಾತು ಬಂದಿದ್ದಕ್ಕೆ ಒಂದು ಹೇಳಿಬಿಡುತ್ತೇನೆ. ಮರಾಠಿಯಲ್ಲೂ ಕಾಸ್ಟ್ ಐರನ್ನಿಗೆ ಬೀಡ್ ಎಂದೇ ಹೇಳುತ್ತಾರೆ. ಮೊದಲ ದಿನ ಈ ಶಾಪಿನಲ್ಲಿ ನನಗೆ ಪೂರ್ತಿ ಅರ್ಥವಾದ ಮರಾಠಿ ಶಬ್ದ ಅದೊಂದೇ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿ, ಕೊಲ್ಹಾಪುರ, ಪುಣೆ ಈ ಹೆದ್ದಾರಿಯುದ್ದಕ್ಕೂ ಎರಕದ ಕೆಲಸ ಒಂದೇ ಮನೆಯ ಕಸುಬಿನಂತೆ ಹಬ್ಬಿದೆ. ನಮ್ಮ ಎರಡೂ ಭಾಷೆಗೆ ಈ ಶಬ್ದ ಸೇರಿಹೋಗಿರುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ತೂತಿನ ಲೋಹ, ಒಳಗೆ ಹೋಗುವ ಉದ್ದ

ಎರಡು ತುದಿಗೆ ಥ್ರೆಡ್ ಇರುವ ಸ್ಟಡ್ಡಿನಲ್ಲಿ ಎರಡೂ ತುದಿ ಒಂದೇ ಅಲ್ಲ. ಒಂದು ಎರಕದೊಳಗೆ ಹೋಗುವ ತುದಿ, ಇನ್ನೊಂದು ನಟ್ಟಿನ ತುದಿ. ಒಳಗೆ ಹೋಗುವ ತುದಿಯ ಉದ್ದದ ಮೇಲೆ ಡಿಐಎನ್ ಎಂಬ ಜರ್ಮನ್ ಮಾನಕದ ನಂಬರ್ ಬದಲಾಗುತ್ತದೆ. ವ್ಯಾಸದಷ್ಟೇ ಉದ್ದವಿದ್ದರೆ ಡಿಐಎನ್ 938, ಅದು ಉಕ್ಕಿಗೆ. ವ್ಯಾಸದ ಒಂದೂಕಾಲು ಪಟ್ಟಿದ್ದರೆ ಡಿಐಎನ್ 939, ಬೀಡಿಗೆ. ಎರಡು ಪಟ್ಟಿದ್ದರೆ ಡಿಐಎನ್ 835, ಅಲ್ಯೂಮಿನಿಯಂಗೆ. ಹನ್ನೆರಡರ ಸ್ಟಡ್ಡಿನಲ್ಲಿ ಕ್ರಮವಾಗಿ 12, 15, 24 ಮಿಲಿಮೀಟರ್. ಲೋಹ ಮೆದುವಾದಷ್ಟೂ ಹೆಚ್ಚು ಎಳೆಗಳು ಭಾರ ಹಂಚಿಕೊಳ್ಳಬೇಕು ಎಂಬ ಸರಳ ಲೆಕ್ಕ. ನಮ್ಮ ದೇಶದ ಐಎಸ್ 1862 ಕೂಡ ಸ್ಟಡ್ಡುಗಳದ್ದೇ ಮಾನಕ.

ಇಲ್ಲೊಂದು ಗುಂಡಿ ಇದೆ, ಖರೀದಿಯವರು ಮತ್ತೆ ಮತ್ತೆ ಬೀಳುವಂಥದ್ದು. ಈ ಡಿಐಎನ್ ಸ್ಟಡ್ಡುಗಳಲ್ಲಿ ಹೇಳುವ ಉದ್ದಕ್ಕೆ ಒಳಗೆ ಹೋಗುವ ತುದಿ ಸೇರುವುದಿಲ್ಲ. ಡಿಐಎನ್ 939ರಲ್ಲಿ "ಎಂ12, 50" ಎಂದರೆ ಹೊರಗೆ ಉಳಿಯುವುದು 50, ಒಟ್ಟು ಉದ್ದ 65 ಮಿಲಿಮೀಟರ್. ಹಳೆಯ ಸ್ಟಡ್ ತೆಗೆದು, ಕ್ಯಾಲಿಪರಿನಲ್ಲಿ ತುದಿಯಿಂದ ತುದಿಗೆ ಅಳೆದು "65ರದ್ದು ಕೊಡಿ" ಎಂದರೆ ಕೈಗೆ ಬರುವುದು 80 ಮಿಲಿಮೀಟರಿನ ಮಾಲು.

ಮೈತುಂಬ ಥ್ರೆಡ್ ಇರುವ ಸ್ಟಡ್ ಬೇರೆಯೇ ಜಾತಿ. ಎರಡು ಬದಿಗೂ ನಟ್ ಹಾಕುವ ಪೈಪ್ ಫ್ಲೇಂಜಿಗೆ ಅದು ಸರಿಯಾದ ಆಯ್ಕೆ. ಫ್ಲೇಂಜಿನ ದಪ್ಪ ಸ್ವಲ್ಪ ಹೆಚ್ಚುಕಡಿಮೆಯಾದರೂ ನಟ್ಟಿಗೆ ಎಲ್ಲೆಲ್ಲೂ ಎಳೆ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮೀಟರ್ ಉದ್ದದಲ್ಲಿ ಸಿಗುವ ಥ್ರೆಡ್ ರಾಡ್ ನೋಡಲು ಇದರ ತಮ್ಮನಂತಿದ್ದರೂ, ಸಾಮಾನ್ಯವಾಗಿ ಅದು 4.6 ಅಥವಾ 4.8 ದರ್ಜೆಯ ಮೆದು ಉಕ್ಕು. ಕೇಬಲ್ ಟ್ರೇ, ಡಕ್ಟ್, ಪೈಪ್ ತೂಗುಹಾಕಲು ಅದು ಧಾರಾಳವಾಗಿ ಸಾಕು. ಅದನ್ನೇ ಹ್ಯಾಕ್ಸಾದಲ್ಲಿ ತುಂಡರಿಸಿ ಒತ್ತಡದ ಫ್ಲೇಂಜಿಗೆ ಹಾಕುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಆವಿ ಅಥವಾ ಎಣ್ಣೆ ಒತ್ತಡದಲ್ಲಿ ಹರಿಯುವ ಜಾಗದಲ್ಲಿ ಇದು ಜೀವದ ಮಾತು. ದಯವಿಟ್ಟು ಮಾಡಬೇಡಿ, ಮಾಡುವುದು ಕಂಡರೆ ತಡೆಯಿರಿ.

ನಡು ಸಣ್ಣಗಿರುವ ಸ್ಟಡ್ ಕಂಡರೆ ಹುಡುಗರು ಅದನ್ನು ಕಮಜೋರಿ ಮಾಲು ಎಂದು ಪಕ್ಕಕ್ಕೆ ಸರಿಸುತ್ತಾರೆ. ನಿಜ ಉಲ್ಟಾ ಇದೆ. ಬಿಗಿದಾಗ ಸ್ಟಡ್ ಸ್ಪ್ರಿಂಗಿನಂತೆ ಹಿಗ್ಗುತ್ತದೆ. ಆ ಹಿಗ್ಗೇ ಮುಚ್ಚಳವನ್ನು ಒತ್ತಿ ಹಿಡಿಯುವ ಶಕ್ತಿ. ನಡು ಸಣ್ಣಗಿದ್ದರೆ ಹಿಗ್ಗು ಆ ಭಾಗದಲ್ಲಿ ಸಮವಾಗಿ ಹರಡುತ್ತದೆ, ಥ್ರೆಡ್ಡಿನ ಮೊದಲ ಎಳೆಯ ಬುಡಕ್ಕೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ಅದುರುವ, ಬಿಸಿಯಾಗಿ ತಣ್ಣಗಾಗುವ ಜಾಗದಲ್ಲಿ ಬಾಳಿಕೆ ಬರುವುದು ಅದೇ.

ಈ ಹಿಗ್ಗಿನ ಲೆಕ್ಕ ಒಮ್ಮೆ ಮಾಡಿ ನೋಡಿದರೆ ಸ್ಟಡ್ಡಿನ ಬಗ್ಗೆ ಇರುವ ಕಣ್ಣೇ ಬದಲಾಗುತ್ತದೆ. 8.8 ದರ್ಜೆಯ ಎಂ12 ಸ್ಟಡ್ಡನ್ನು ಅದರ ಪ್ರೂಫ್ ಲೋಡಿನ (ಶಾಶ್ವತವಾಗಿ ಹಿಗ್ಗದೆ ತಾಳುವ ಭಾರ) ಮುಕ್ಕಾಲು ಭಾಗಕ್ಕೆ ಬಿಗಿದರೆ ಸುಮಾರು 36.7 ಕಿಲೋನ್ಯೂಟನ್, ಅಂದರೆ ಹತ್ತಿರ ಹತ್ತಿರ ಮೂರು ಮುಕ್ಕಾಲು ಟನ್ ಒತ್ತು. ಹಿಡಿತದ ಉದ್ದ, ಅಂದರೆ ನಟ್ಟಿನಿಂದ ಎರಕದವರೆಗೆ ಹಿಗ್ಗುವ ಭಾಗ, 60 ಮಿಲಿಮೀಟರ್ ಇದ್ದರೆ ಆ ಒತ್ತಿಗೆ ಸ್ಟಡ್ ಹಿಗ್ಗುವುದು 0.12 ಮಿಲಿಮೀಟರ್. ಹಿಡಿತದ ಉದ್ದ 15 ಮಿಲಿಮೀಟರ್ ಮಾತ್ರ ಇದ್ದರೆ 0.03. ಈಗ ಮುಚ್ಚಳದ ಕೆಳಗಿನ ಪೇಂಟೋ ಗ್ಯಾಸ್ಕೆಟ್ಟೋ 0.02 ಮಿಲಿಮೀಟರ್ ಕೂತುಕೊಂಡಿತು ಎನ್ನಿ. ಉದ್ದ ಸ್ಟಡ್ ತನ್ನ ಬಿಗಿಯಲ್ಲಿ ಆರನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಗಿಡ್ಡ ಸ್ಟಡ್ ಮೂರರಲ್ಲಿ ಎರಡು ಪಾಲು ಕಳೆದುಕೊಂಡು ಸಡಿಲಾಗುತ್ತದೆ. ಹಿಡಿತದ ಉದ್ದ ವ್ಯಾಸದ ಐದು ಪಟ್ಟಾದರೂ ಇರಲಿ ಎಂದು ಹಳಬರು ಹೇಳುತ್ತಿದ್ದುದು ಇದಕ್ಕೆ. ತೆಳು ಮುಚ್ಚಳವಾದರೆ ನಟ್ಟಿನ ಕೆಳಗೆ ದಪ್ಪ ಬುಷ್ ಇಟ್ಟು ಉದ್ದ ಸ್ಟಡ್ ಹಾಕಿ. ಸ್ಪ್ರಿಂಗ್ ವಾಶರಿಗಿಂತ ಅದು ಎಷ್ಟೋ ಪಾಲು ಮೇಲು.

ತೆಳು ಹಾಳೆ ಬಂದರೆ

ಪ್ಯಾನೆಲ್ ಶಾಪಿನವರ ಕಷ್ಟವೇ ಬೇರೆ. ಒಂದೂವರೆ ಮಿಲಿಮೀಟರಿನ ಹಾಳೆಯಲ್ಲಿ ಟ್ಯಾಪ್ ಹೊಡೆದು ಎಳೆ ಕೊರೆಯಲು ಜಾಗವೇ ಇಲ್ಲ. ಅಲ್ಲಿ ಮೂರು ದಾರಿಗಳಿವೆ.

ಕೆಪಾಸಿಟರ್ ಡಿಸ್ಚಾರ್ಜ್ ವೆಲ್ಡ್ ಸ್ಟಡ್: ತುದಿಯಲ್ಲಿ ಸಣ್ಣ ಮೊಳಕೆ ಇರುತ್ತದೆ, ಅದು ಒಂದರಿಂದ ಮೂರು ಮಿಲಿಸೆಕೆಂಡಿನಲ್ಲಿ ಕರಗಿ ಹಾಳೆಗೆ ಅಂಟುತ್ತದೆ. ಬಿಸಿ ಒಳಗೆ ಇಳಿಯುವಷ್ಟು ಹೊತ್ತೇ ಇಲ್ಲದ ಕಾರಣ ಬಾಗಿಲಿನ ಮುಂಬದಿಗೆ ಕಲೆ ಬೀಳುವುದಿಲ್ಲ. ಎಂ3ರಿಂದ ಎಂ8ವರೆಗೆ, ಅರ್ತಿಂಗ್ ಸ್ಟಡ್ಡಿಗೆ, ವೈರಿಂಗ್ ಕ್ಲಿಪ್ಪಿಗೆ ಇದಕ್ಕಿಂತ ಚೆಂದದ್ದಿಲ್ಲ. ಭಾರ ಹೊರಿಸಬೇಡಿ. ಹಾಳೆ ಎಣ್ಣೆ, ತುಕ್ಕು, ಸತುವಿನ ಲೇಪ ಇಲ್ಲದೆ ಚೊಕ್ಕವಾಗಿರಬೇಕು.

ದಪ್ಪ ಪ್ಲೇಟಿಗೆ ಡ್ರಾನ್ ಆರ್ಕ್. ಸ್ಟಡ್ಡನ್ನು ಸ್ವಲ್ಪ ಎತ್ತಿ ಆರ್ಕ್ ಹೊಡೆಸಿ, ಸೆರಾಮಿಕ್ ಉಂಗುರದೊಳಗೆ ಕರಗಿಸಿ ಒತ್ತುವುದು. ಪ್ಲೇಟಿನ ದಪ್ಪ ಸ್ಟಡ್ಡಿನ ವ್ಯಾಸದ ಕಾಲು ಭಾಗಕ್ಕಿಂತ ಕಡಿಮೆ ಇರಬಾರದು, ಇದ್ದರೆ ತೂತು ಬೀಳುತ್ತದೆ. ಬೆಸುಗೆ ಹಿಡಿದಿದೆಯೋ ಇಲ್ಲವೋ ನೋಡಲು ಐಎಸ್ಒ 14555 ಹೇಳುವ ಪರೀಕ್ಷೆ ನನಗೆ ಬಹಳ ಇಷ್ಟ: ಸ್ಯಾಂಪಲ್ ಸ್ಟಡ್ಡಿಗೆ ಪೈಪು ಹಾಕಿ ಬಗ್ಗಿಸಿ. ಡ್ರಾನ್ ಆರ್ಕ್ ಸ್ಟಡ್ 60 ಡಿಗ್ರಿ, ಕೆಪಾಸಿಟರ್ ಸ್ಟಡ್ 30 ಡಿಗ್ರಿ ಬಗ್ಗಿದರೂ ಬೆಸುಗೆ ಬಿರಿಯಬಾರದು. ಲ್ಯಾಬಿಗೆ ಓಡದೆ ಶಾಪಿನಲ್ಲೇ ಸತ್ಯ ತಿಳಿಯುತ್ತದೆ.

ಮೂರನೆಯದು ಕ್ಲಿಂಚ್ ಸ್ಟಡ್. ತೂತಿನಲ್ಲಿಟ್ಟು ಪ್ರೆಸ್ಸಿನಲ್ಲಿ ಒತ್ತಿದರೆ ಹಾಳೆಯ ಲೋಹವೇ ಹರಿದು ಸ್ಟಡ್ಡಿನ ಸುತ್ತಲಿನ ಕಚ್ಚಿನೊಳಗೆ ಸೇರಿ ಹಿಡಿಯುತ್ತದೆ. ಸತುವಿನ ಹಾಳೆಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ, ಯಾಕೆಂದರೆ ವೆಲ್ಡ್ ಮಾಡಿದರೆ ಲೇಪ ಸುಟ್ಟು ತುಕ್ಕಿಗೆ ಬಾಗಿಲು ತೆರೆದಂತೆ. ಆದರೆ ಸ್ಟಡ್ ಹಾಳೆಗಿಂತ ಗಟ್ಟಿಯಿರಬೇಕು. ಸಾಮಾನ್ಯ ಸ್ಟೇನ್‌ಲೆಸ್ ಕ್ಲಿಂಚ್ ಸ್ಟಡ್ಡನ್ನು ಸ್ಟೇನ್‌ಲೆಸ್ ಹಾಳೆಗೆ ಒತ್ತಿದರೆ ಹಾಳೆ ಬಗ್ಗುವುದಿಲ್ಲ, ಸ್ಟಡ್ಡೇ ಚಪ್ಪಟೆಯಾಗುತ್ತದೆ. ಅದಕ್ಕೆಂದೇ ಗಟ್ಟಿ ಮಾಡಿದ ಬೇರೆ ಮಾಲು ಬರುತ್ತದೆ, ಕೇಳಿ ತನ್ನಿ. ಮತ್ತೆ, ಸುತ್ತಿಗೆಯಲ್ಲಿ ಹೊಡೆದು ಕೂರಿಸಬಾರದು.

ಈಗ ಗಟ್ಟಿತನ

8.8 ಎಂಬುದರಲ್ಲಿ ಮೊದಲ ಎಂಟನ್ನು ನೂರರಿಂದ ಗುಣಿಸಿ: 800 ಮೆಗಾಪಾಸ್ಕಲ್‌ಗೆ ಮುರಿಯುತ್ತದೆ. ಎರಡನೆಯ ಎಂಟು ಎಂದರೆ ಅದರ ಹತ್ತರಲ್ಲಿ ಎಂಟು ಪಾಲು, 640ಕ್ಕೆ ಶಾಶ್ವತವಾಗಿ ಹಿಗ್ಗತೊಡಗುತ್ತದೆ. 10.9 ಎಂದರೆ 1000 ಮತ್ತು 900. 12.9 ಎಂದರೆ 1200 ಮತ್ತು 1080.

ಅಂಕಿ ನೋಡಿದರೆ 12.9 ಎಲ್ಲಕ್ಕಿಂತ ಮೇಲು. ಆದರೆ ಅದು ಕೂರುವ ಬೀಡು ಯಾವುದು? ಪಂಪಿನ ಕೇಸಿಂಗ್ ಎಫ್‌ಜಿ 260 ದರ್ಜೆಯದ್ದಾದರೆ ಅದರ ತಾಳಿಕೆ 260 ಮೆಗಾಪಾಸ್ಕಲ್. 12.9ರ ಪೂರ್ತಿ ಬಲ ಹಾಕಿ ಬಿಗಿದರೆ ಸೋಲುವುದು ಎರಕ. ಸೋಲಬೇಕಾದರೆ ನಟ್ ಸೋಲಲಿ, ಸ್ಟಡ್ ಸೋಲಲಿ, ಎರಕ ಸೋಲಬಾರದು. ಬೀಡಿಗೆ, ಅಲ್ಯೂಮಿನಿಯಂಗೆ 8.8 ಹಾಕಿ ನೆಮ್ಮದಿಯಾಗಿರಿ. ಬಲ ಸಾಲದಿದ್ದರೆ ದರ್ಜೆ ಏರಿಸುವ ಬದಲು ಸ್ಟಡ್ಡಿನ ಸಂಖ್ಯೆ ಅಥವಾ ವ್ಯಾಸ ಏರಿಸಿ.

12.9ಕ್ಕೆ ಇನ್ನೊಂದು ಶತ್ರು ಇದೆ. ಎಲೆಕ್ಟ್ರೋಪ್ಲೇಟಿಂಗಿನ ತೊಟ್ಟಿಯಲ್ಲಿ, ಅದಕ್ಕೂ ಮೊದಲು ಆಸಿಡ್ಡಿನಲ್ಲಿ ತೊಳೆಯುವಾಗ, ಹೈಡ್ರೋಜನ್ ಉಕ್ಕಿನೊಳಗೆ ಇಳಿಯುತ್ತದೆ. ಮೆದು ಉಕ್ಕಿಗೆ ಅದು ಏನೂ ಮಾಡುವುದಿಲ್ಲ. ಬಹಳ ಗಟ್ಟಿ ಉಕ್ಕಿನಲ್ಲಿ, ಬಿಗಿದ ಮೇಲೆ ಗಂಟೆಗಳೋ ದಿನಗಳೋ ಕಳೆದು, ಯಾರೂ ಮುಟ್ಟದಿದ್ದಾಗ ಸ್ಟಡ್ ಟಪ್ ಎಂದು ತುಂಡಾಗುತ್ತದೆ. ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಹೈಡ್ರೋಜನ್ ಓಡಿಸುವ ಕ್ರಮವಿದೆ. ಬೇಯಿಸಿದ್ದಾರೆ ಎಂಬ ದಾಖಲೆ ಕೈಗೆ ಬರದಿದ್ದರೆ ಹೊಳೆಯುವ 12.9 ತರಬೇಡಿ. ಎಣ್ಣೆ ಹಚ್ಚಿದ ಕಪ್ಪು ಮಾಲು ಇಲ್ಲವೇ ಝಿಂಕ್ ಫ್ಲೇಕ್ ಲೇಪದ ಮಾಲು ತನ್ನಿ.

ಸ್ಟಡ್ಡಿಗೆ ತಲೆ ಇಲ್ಲವಲ್ಲ, ದರ್ಜೆ ಎಲ್ಲಿ ಬರೆದಿರುತ್ತದೆ? ನಟ್ ಬದಿಯ ತುದಿಯಲ್ಲಿ ನೋಡಿ. ಅಂಕಿ ಇರಬಹುದು, ಇಲ್ಲವೇ ಗುರುತು ಇರಬಹುದು: ವೃತ್ತ ಇದ್ದರೆ 8.8, ಚೌಕ ಇದ್ದರೆ 10.9, ತ್ರಿಕೋನ ಇದ್ದರೆ 12.9. ಐಎಸ್ಒ 898-1 ಒಪ್ಪಿರುವ ಗುರುತುಗಳು ಇವು. ಏನೂ ಇಲ್ಲದಿದ್ದರೆ ಅದನ್ನು ಮೆದು ಮಾಲು ಎಂದೇ ತಿಳಿಯಿರಿ, ಅಂಗಡಿಯವರು ಏನೇ ಹೇಳಲಿ. ಜೊತೆಗೆ ನಟ್ಟೂ ಜೋಡಿಯಾಗಿರಲಿ, 8.8ಕ್ಕೆ 8ರ ನಟ್, 10.9ಕ್ಕೆ 10ರದ್ದು.

ಬಿಸಿಯ ಜಾಗ

8.8, 10.9 ಎಲ್ಲವೂ ತಣ್ಣನೆ ಜಾಗದ ಅಂಕಿಗಳು. 150 ಡಿಗ್ರಿ ದಾಟಿದ ಮೇಲೆ ಆ ಭರವಸೆ ಇಲ್ಲ. ಬಾಯ್ಲರ್, ಸ್ಟೀಮ್ ಲೈನ್, ಥರ್ಮಿಕ್ ಫ್ಲೂಯಿಡ್ (ಬಿಸಿ ಎಣ್ಣೆ) ಲೈನಿಗೆ ಅಮೆರಿಕದ ಮಾನಕದ ಎಎಸ್‌ಟಿಎಂ ಎ193 ಬಿ7 ಎಂದು ಕೇಳಿ, ನಟ್ 2ಎಚ್. ಬಿ7 ಎಂಬುದು ಕ್ರೋಮ್ ಮಾಲಿಬ್ಡಿನಮ್ ಉಕ್ಕು. ಅದನ್ನು ಕನಿಷ್ಠ 593 ಡಿಗ್ರಿಯಲ್ಲಿ ಟೆಂಪರ್, ಅಂದರೆ ಬಿಸಿ ಕೊಟ್ಟು ಹದ, ಮಾಡಿರುತ್ತಾರೆ. 8.8ಕ್ಕೆ ಆ ಮಿತಿ 425 ಡಿಗ್ರಿ. 593ರ ಬಿಸಿಯಲ್ಲಿ ಬೆಂದು ಬಂದ ಬಿ7 ಉಕ್ಕು 400 ಡಿಗ್ರಿಯ ಆವಿಗೆ ಮೆತ್ತಗಾಗುವುದಿಲ್ಲ. ಎರಡೂವರೆ ಇಂಚಿನವರೆಗೆ ಇದರ ಬಲ 860 ಮೆಗಾಪಾಸ್ಕಲ್, ಹಿಗ್ಗತೊಡಗುವುದು 720ಕ್ಕೆ. ಅಂದರೆ 8.8ಕ್ಕೂ 10.9ಕ್ಕೂ ನಡುವೆ. ಇನ್ನೂ ಹೆಚ್ಚು ಬಿಸಿಗೆ ವೆನೇಡಿಯಮ್ ಸೇರಿದ ಬಿ16, ಬಹಳ ತಣ್ಣನೆ ಜಾಗಕ್ಕೆ ಎ320 ಎಲ್7.

ಬಿಸಿಯಲ್ಲಿ ಇನ್ನೊಂದು ಲೆಕ್ಕ ಇದೆ. ಸ್ಟಡ್ಡೂ ಅದು ಹಿಡಿದ ವಸ್ತುವೂ ಒಂದೇ ಪ್ರಮಾಣದಲ್ಲಿ ಉಬ್ಬುವುದಿಲ್ಲ. ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಉಬ್ಬುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಹೌಸಿಂಗಿನಲ್ಲಿ ಉಕ್ಕಿನ ಸ್ಟಡ್ ಬಿಸಿಯಾದಾಗ ಇನ್ನಷ್ಟು ಬಿಗಿಯಾಗುತ್ತದೆ. ಬಿಗಿ ತೀರ ಹೆಚ್ಚಿಟ್ಟಿದ್ದರೆ ಎಳೆ ಕಿತ್ತು ಬರುತ್ತದೆ. 304 ಸ್ಟೇನ್‌ಲೆಸ್ ಸ್ಟಡ್ಡು ಬೀಡಿಗಿಂತ ಒಂದೂವರೆ ಪಟ್ಟು ಉಬ್ಬುತ್ತದೆ. ಬೀಡಿನ ಫ್ಲೇಂಜಿಗೆ ಸ್ಟೇನ್‌ಲೆಸ್ ಸ್ಟಡ್ ಹಾಕಿ ಬಿಸಿ ಮಾಡಿದರೆ ಸಡಿಲಾಗಿ ಸೋರುತ್ತದೆ. "ತುಕ್ಕೂ ಹಿಡಿಯೋದಿಲ್ಲ, ಚೆಂದಾನೂ ಕಾಣ್ತದ" ಎಂದು ಬಿಸಿ ಎಣ್ಣೆಯ ಲೈನಿಗೆ ಸ್ಟೇನ್‌ಲೆಸ್ ಹಾಕುವವರು ಇದನ್ನು ನೆನಪಿಡಬೇಕು.

ಸಮುದ್ರದ ಗಾಳಿ

ಪುಣೆಯ ಶೆಡ್ಡಿನೊಳಗೆ ಸಾಮಾನ್ಯ ಝಿಂಕ್ ಪ್ಲೇಟಿಂಗ್, ಐದರಿಂದ ಎಂಟು ಮೈಕ್ರಾನ್, ವರ್ಷಗಟ್ಟಲೆ ಬರುತ್ತದೆ. ಅದೇ ಮಾಲನ್ನು ಗೋವಾದ ವಾಸ್ಕೋದ ಬೋಟ್ ಯಾರ್ಡಿಗೆ ಕಳಿಸಿದರೆ ಎರಡು ಮಳೆಗಾಲ ತಡೆಯುವುದಿಲ್ಲ. ನನ್ನ ಊರಿನ ಗೆಳೆಯನೊಬ್ಬ ಅಲ್ಲಿ ಫಿಟ್ಟರ್. 304ರ ಸ್ಟಡ್ ಹಾಕಿಯೂ ಕಂದು ಚುಕ್ಕೆ ಬರುತ್ತದೆ ಏಕೆ ಎಂದು ಕೇಳಿದ್ದ. ಉಪ್ಪಿನ ಕ್ಲೋರೈಡ್ 304ರ ರಕ್ಷಣಾ ಪೊರೆಯನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. 316ರಲ್ಲಿ ಎರಡರಿಂದ ಮೂರು ಶೇಕಡಾ ಮಾಲಿಬ್ಡಿನಮ್ ಇರುವುದರಿಂದ ತಡೆ ಹೆಚ್ಚು. ಗೋವಾ, ಉರಣ, ಮುಂಬೈ ಬಂದರಿನ ಕೆಲಸಕ್ಕೆ 316, ಅಂದರೆ ಎ4 ಎಂದೇ ಬರೆಯಿರಿ. ಉಕ್ಕಿನ ಸ್ಟ್ರಕ್ಚರಿಗಾದರೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್, ನಲವತ್ತು ಐವತ್ತು ಮೈಕ್ರಾನಿನ ದಪ್ಪ ಲೇಪ. ಅದಕ್ಕೆ ಸ್ವಲ್ಪ ದೊಡ್ಡದಾಗಿ ಟ್ಯಾಪ್ ಮಾಡಿದ ನಟ್ಟನ್ನೇ ಜೊತೆಗೆ ತರಬೇಕು. ಮಾಮೂಲಿ ನಟ್ ಏರುವುದೇ ಇಲ್ಲ.

ಸ್ಟೇನ್‌ಲೆಸ್ ತರುವಾಗ ಬಲದ ಲೆಕ್ಕ ಮತ್ತೆ ಮಾಡಿ. 304ರ ಮಾಲಿನ ಎ2-70 ಎಂದರೆ 700ಕ್ಕೆ ಮುರಿಯುತ್ತದೆ, ಆದರೆ 450ಕ್ಕೇ ಹಿಗ್ಗತೊಡಗುತ್ತದೆ. 8.8ರ ಜಾಗದಲ್ಲಿ ನೇರ ಹಾಕಿ ಅದೇ ಟಾರ್ಕ್ ಕೊಟ್ಟರೆ ಸ್ಟಡ್ ಜಗ್ಗಿ ಹೋಗುತ್ತದೆ. ಎ4-80ರಲ್ಲಿ 600ರವರೆಗೆ ತಾಳುತ್ತದೆ, ಅಷ್ಟರಮಟ್ಟಿಗೆ ಸಮೀಪ. ಇಂಪ್ಯಾಕ್ಟ್ ಗನ್ನಿನಲ್ಲಿ ಸ್ಟೇನ್‌ಲೆಸ್ ನಟ್ ಓಡಿಸುವುದಂತೂ ಬೇಡವೇ ಬೇಡ. ಎಳೆಗೆ ಎಳೆ ಉಜ್ಜಿ ಬೆಸೆದುಕೊಂಡು ಅರ್ಧ ದಾರಿಯಲ್ಲಿ ಕಚ್ಚಿಕೊಳ್ಳುತ್ತದೆ, ಕತ್ತರಿಸದೆ ಬೇರೆ ದಾರಿ ಇರುವುದಿಲ್ಲ. ನಿಧಾನಕ್ಕೆ ಕೈಯಲ್ಲಿ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ಹಚ್ಚಿ ತಿರುಗಿಸಿ.

ಕೂರಿಸುವಾಗ, ಬಿಗಿಯುವಾಗ

ಆ ಆ್ಯಂಟಿ ಸೀಜ್ ಟಾರ್ಕನ್ನು ಬದಲಿಸುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಪಾನಾದಲ್ಲಿ ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬಿಗಿಯಾಗುತ್ತದೆ, ಉಳಿದದ್ದೆಲ್ಲ ತಿಕ್ಕಾಟಕ್ಕೆ ಹೋಗುತ್ತದೆ. ತಿಕ್ಕಾಟ ಸ್ವಲ್ಪ ಇಳಿದರೂ ಬಿಗಿ ಬಹಳ ಏರುತ್ತದೆ. 8.8ರ ಎಂ12ಕ್ಕೆ ಒಣಗಿದ ಥ್ರೆಡ್ಡಿನಲ್ಲಿ ಸುಮಾರು 88 ನ್ಯೂಟನ್ ಮೀಟರ್ ಬೇಕು. ಎಣ್ಣೆ ಹಚ್ಚಿದರೆ 66 ಸಾಕು. ಮಾಲಿ (ಮಾಲಿಬ್ಡಿನಮ್ ಡೈಸಲ್ಫೈಡ್) ಪೇಸ್ಟ್ ಹಚ್ಚಿದರೆ 53ರ ಆಸುಪಾಸು. ಪೇಸ್ಟ್ ಹಚ್ಚಿ 88ಕ್ಕೇ ಬಿಗಿದರೆ ಸ್ಟಡ್ಡಿನ ಮೇಲೆ 61 ಕಿಲೋನ್ಯೂಟನ್ ಬೀಳುತ್ತದೆ. ಅದು ಹಿಗ್ಗತೊಡಗುವುದು 54ಕ್ಕೆ. ಟಾರ್ಕ್ ಚಾರ್ಟ್ ಗೋಡೆಗೆ ಅಂಟಿಸುವಾಗ ಒಣಗಿದ್ದೋ ಎಣ್ಣೆಯದ್ದೋ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ.

ಸ್ಟಡ್ಡನ್ನು ತೂತಿಗೆ ಕೂರಿಸಲು ಎರಡು ನಟ್ಟನ್ನು ಒಂದಕ್ಕೊಂದು ಬಿಗಿದು ಮೇಲಿನದನ್ನು ತಿರುಗಿಸಿ, ಇಲ್ಲವೇ ಸ್ಟಡ್ ಡ್ರೈವರ್ ಬಳಸಿ. ಪೈಪ್ ಪಾನಾ ಹಚ್ಚಿದರೆ ಎಳೆಯ ಮೇಲೆ ಹಲ್ಲು ಮೂಡುತ್ತದೆ, ಸ್ಟಡ್ ಅಲ್ಲಿಂದಲೇ ಒಂದು ದಿನ ಬಿರಿಯುತ್ತದೆ. ತಳ ಮುಚ್ಚಿದ ತೂತಾದರೆ ಒಳಗಿನ ಎಣ್ಣೆ, ಕೂಲಂಟನ್ನು ಗಾಳಿ ಹೊಡೆದು ಪೂರ್ತಿ ತೆಗೆಯಿರಿ. ಸ್ಟಡ್ ಇಳಿದಂತೆ ಕೆಳಗೆ ಸಿಕ್ಕ ಎಣ್ಣೆ ಪಿಸ್ಟನ್ನಿನ ಮುಂದಿನ ಎಣ್ಣೆಯಂತೆ ಒತ್ತಿ ಬೀಡನ್ನು ಸೀಳಬಲ್ಲದು. ಸ್ಟಡ್ಡಿನ ತುದಿ ತೂತಿನ ತಳಕ್ಕೆ ಗುದ್ದಿ ನಿಲ್ಲದಿರಲಿ. ಅದುರುವ ಮಷೀನಾದರೆ ಒಳತುದಿಗೆ ಲಾಕ್‌ಟೈಟ್ 262ರಂಥ ಗಟ್ಟಿ ಅಂಟು. ಮುಂದೆ ಯಾವಾಗಲಾದರೂ ಆ ಸ್ಟಡ್ಡನ್ನೇ ತೆಗೆಯಬೇಕಾಗಿ ಬರುವ ಜಾಗವಾದರೆ 243. ಗಟ್ಟಿ ಅಂಟು ಬಿಡಿಸಲು ಸ್ಟಡ್ಡಿಗೆ ಸುಮಾರು 250 ಡಿಗ್ರಿ ಬಿಸಿ ಕೊಡಬೇಕಾಗುತ್ತದೆ, ಪಕ್ಕದಲ್ಲಿ ರಬ್ಬರ್ ಸೀಲ್ ಇದ್ದರೆ ಅದು ಹೋಯಿತೆಂದೇ ಲೆಕ್ಕ.

ಫ್ಲೇಂಜ್ ಬಿಗಿಯುವಾಗ ಎದುರುಬದುರಾಗಿ, ಮೊದಲ ಸುತ್ತು 30 ಶೇಕಡಾ, ಎರಡನೆಯದು 70, ಮೂರನೆಯದು ಪೂರ್ತಿ, ಆಮೇಲೆ ವೃತ್ತಾಕಾರವಾಗಿ ಒಂದು ಸುತ್ತು ನೋಡಿಕೊಂಡು ಬನ್ನಿ.

ಚೀಟಿ ಬರೆಯುವುದು

ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ ಬೇಕಾದ ಸ್ಟಡ್ ಸಿಗುತ್ತದೆ. ಲುಧಿಯಾನದ ಮಾಲು ಪುಣೆಯ ಅಂಗಡಿಗಳಿಗೂ ಬರುತ್ತದೆ. ಆದರೆ ಕೇಳುವವನಿಗೆ ಕೇಳಲು ಬರಬೇಕು. ಥ್ರೆಡ್ ಕಟ್ ಮಾಡಿದ್ದೋ ರೋಲ್ ಮಾಡಿದ್ದೋ ಎಂದು ವಿಚಾರಿಸಿ. ರೋಲ್ ಮಾಡಿದ್ದರಲ್ಲಿ ಲೋಹದ ನಾರು ತುಂಡಾಗದೆ ಎಳೆಯ ಜೊತೆ ಬಳುಕಿರುತ್ತದೆ, ಅದುರಾಟಕ್ಕೆ ಅದೇ ಬಾಳುತ್ತದೆ. ಒತ್ತಡ ಅಥವಾ ಬಿಸಿಯ ಕೆಲಸಕ್ಕಾದರೆ ಉಕ್ಕಿನ ಪರೀಕ್ಷೆಯ ಫಲ ಬರೆದಿರುವ ಇಎನ್ 10204ರ 3.1 ಸರ್ಟಿಫಿಕೇಟ್ ಕೇಳಿ, ಅದರಲ್ಲಿರುವ ಹೀಟ್ ನಂಬರನ್ನು (ಉಕ್ಕು ಕರಗಿಸಿದ ಬ್ಯಾಚಿನ ನಂಬರ್) ಸ್ಟಡ್ಡಿನ ತುದಿಯಲ್ಲಿ ಹೊಡೆದ ನಂಬರಿನ ಜೊತೆ ತಾಳೆ ನೋಡಿ.

ಫ್ಲೇಂಜ್ ಸ್ಟಡ್ಡಿನ ಉದ್ದ ಕೂಡಿಸುವುದು ಸುಲಭ. 20 ಮಿಲಿಮೀಟರಿನ ಎರಡು ಫ್ಲೇಂಜ್, 3ರ ಗ್ಯಾಸ್ಕೆಟ್, ಎಂ16ರ ಎರಡು ಹೆವಿ ನಟ್ ತಲಾ 16, ಎರಡೂ ಬದಿಗೆ ನಟ್ಟಿನಾಚೆ ಎರಡೆರಡು ಎಳೆ, ಪಿಚ್ (ಎಳೆಯಿಂದ ಎಳೆಗೆ ದೂರ) 2 ಆದ್ದರಿಂದ ಒಟ್ಟು 8. ಕೂಡಿಸಿದರೆ 83. ಚೀಟಿಯಲ್ಲಿ 85 ಎಂದು ಬರೆಯಿರಿ.

ಆ ಕೂಲಂಟ್ ಪಂಪಿಗೆ ಈಗ ನಮ್ಮ ಸ್ಟೋರಿಗೆ ಹೋಗುವ ಚೀಟಿ ಹೀಗಿರುತ್ತದೆ: "ಸ್ಟಡ್, ಎಂ12, ಹೊರ ಉದ್ದ 50, ಡಿಐಎನ್ 939, ದರ್ಜೆ 8.8, ರೋಲ್ ಥ್ರೆಡ್, ಝಿಂಕ್ 8 ಮೈಕ್ರಾನ್, ಜೊತೆಗೆ 8ರ ನಟ್, ವಾಶರ್, ತಲಾ 40." ಇಂಡಿಯ ಹುಡುಗ ಅದನ್ನು ಕಿಟಕಿಯಲ್ಲಿ ಕೊಟ್ಟರೆ ಸ್ಟೋರಿನವರು ಒಂದೇ ಡಬ್ಬಿ ಇಳಿಸುತ್ತಾರೆ.